ಸಾವಿರಕ್ಕೆ ಮೂವತ್ತೈದು

ಸಮುದ್ರ ನಮ್ಮ ಕಾಲೇಜಿಗೆ ಬಂದದ್ದು ಎರಡು ಪ್ಲಾಸ್ಟಿಕ್ ಕ್ಯಾನುಗಳಲ್ಲಿ, ಉಡುಪಿ ಬಸ್ಸಿನ ಡಿಕ್ಕಿಯೊಳಗೆ, ಯಾರದೋ ಮನೆಯ ತೆಂಗಿನಕಾಯಿ ಮೂಟೆಗೆ ಒರಗಿಕೊಂಡು. ಬೆಳಗ್ಗೆ ಬನಶಂಕರಿಯಲ್ಲಿ ಇಳಿಸಿಕೊಳ್ಳಲು ಹೋದಾಗ ಬಸ್ಸಿನ ಕ್ಲೀನರ್ ಒಂದು ಕ್ಯಾನನ್ನು ಕುಲುಕಿ ನೋಡಿ, "ಏನ್ ಮೇಡಂ, ತೀರ್ಥಾನಾ?" ಎಂದು ಕೇಳಿದ.

"ಸಮುದ್ರದ ನೀರಪ್ಪ. ಕಾಲೇಜಿಗೆ."

"ಯಾಕೆ, ನಿಮ್ ಕಡೆ ಟ್ಯಾಂಕರ್‌ನೋರು ಬರ್ತಿಲ್ವಾ?" ಎಂದು ತನ್ನ ಮಾತಿಗೆ ತಾನೇ ನಕ್ಕು, ಎರಡೂ ಕ್ಯಾನುಗಳನ್ನು ಆಟೋದೊಳಗೆ ಇಟ್ಟುಕೊಟ್ಟ.

ನಾನು ಜಯನಗರದ ಒಂದು ಪದವಿ ಕಾಲೇಜಿನಲ್ಲಿ ಭೂವಿಜ್ಞಾನದ ಅತಿಥಿ ಉಪನ್ಯಾಸಕಿ. ಹೆಸರಿಗಷ್ಟೇ ಅತಿಥಿ, ಸ್ಟಾಫ್ ರೂಮಿನಲ್ಲಿ ನನ್ನದು ಅಂತ ಒಂದು ಕುರ್ಚಿ ಸಿಕ್ಕಿದ್ದು ಎರಡನೆಯ ಸೆಮಿಸ್ಟರಿನಲ್ಲಿ. ವಾರದಲ್ಲಿ ಎರಡು ದಿನ ಬಿಟಿಎಂ ಲೇಔಟಿನ ಇನ್ನೊಂದು ಕಾಲೇಜಿಗೂ ಓಡುತ್ತೇನೆ. ಆ ವರ್ಷ ನಮ್ಮಲ್ಲಿ ಸಾಗರಶಾಸ್ತ್ರ ಮತ್ತು ಭೂವಿಜ್ಞಾನದ ಮೊದಲ ಪಾಠಗಳು ಎಂಬ ಐಚ್ಛಿಕ ವಿಷಯ ಶುರುವಾಯಿತು. ಬಿಎಸ್ಸಿ, ಬಿಕಾಂ, ಬಿಎ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಮೊದಲ ದಿನ, ಸಮುದ್ರ ನೋಡಿದವರು ಕೈ ಎತ್ತಿ ಎಂದೆ. ಅರ್ಧ ಕ್ಲಾಸು ಎತ್ತಲಿಲ್ಲ. ಹಿಂದಿನ ಬೆಂಚಿನ ಒಬ್ಬ, "ಇನ್‌ಸ್ಟಾದಲ್ಲಿ ನೋಡಿದ್ದೀನಿ ಮೇಡಂ, ಸಖತ್ತಾಗಿದೆ" ಎಂದ. ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಮನೆಗೆ ಹೋಗುವಾಗ ಕುಮಾರಸ್ವಾಮಿ ಲೇಔಟಿನ ಬಸ್ಸಿನಲ್ಲಿ ನಿಂತುಕೊಂಡೇ ಉಡುಪಿಯ ಗೆಳತಿಗೆ ಫೋನ್ ಮಾಡಿ, ನಮಗೆ ಸಮುದ್ರ ಕಳಿಸಿಕೊಡು ಮಾರಾಯ್ತಿ ಎಂದು ದುಂಬಾಲು ಬಿದ್ದೆ.

ಕ್ಯಾನುಗಳು ಬಂದ ದಿನ ಲ್ಯಾಬಿನಲ್ಲಿ ಹಬ್ಬ. ನಮ್ಮ ವಿಭಾಗಕ್ಕೆ ಸ್ವಂತ ಲ್ಯಾಬ್ ಇಲ್ಲ. ರಸಾಯನಶಾಸ್ತ್ರದವರು ಶನಿವಾರ ಮಧ್ಯಾಹ್ನ ತಮ್ಮದನ್ನು ಬಿಟ್ಟುಕೊಡುತ್ತಾರೆ. ಕ್ಯಾನಿನ ಬಾಯಿ ಕಿರಿದು, ಯಾರಿಗೂ ಕೈ ಹಾಕಲು ಆಗುತ್ತಿರಲಿಲ್ಲ. ಅದಕ್ಕೇ ನೀರನ್ನೆಲ್ಲ ಒಂದು ಅಗಲವಾದ ನೀಲಿ ಟಬ್ಬಿಗೆ ಸುರಿದೆ. ಮಕ್ಕಳು ಅಂಗೈ ಅದ್ದಿದರು, ನೆಕ್ಕಿದರು, ಮುಖ ಕಿವುಚಿದರು. ಒಬ್ಬಳು ಕಣ್ಣಿಗೆ ಒತ್ತಿಕೊಂಡಳು. ನಾನು ಅಂದೇ ಒಂದು ಲೋಟದಷ್ಟು ತೆಗೆದು ಲವಣಾಂಶ ಅಳೆದೆ: ಸಾವಿರ ಪಾಲು ನೀರಿಗೆ ಮೂವತ್ತನಾಲ್ಕು ಚಿಲ್ಲರೆ ಪಾಲು ಉಪ್ಪು. ಪುಸ್ತಕ ಹೇಳುವ ಸರಾಸರಿ ಮೂವತ್ತೈದು. ಕರಾವಳಿಯ ನೀರಿಗೆ ಅಷ್ಟು ಹೆಚ್ಚುಕಡಿಮೆ ಸಹಜ. ಖುಷಿಯಾಯಿತು. ಟಬ್ಬಿನ ಮೇಲೆ ಧೂಳು ಬೀಳದಂತೆ ತೆಳ್ಳಗಿನ ಬಿಳಿ ಬಟ್ಟೆ ಮುಚ್ಚಿ, ಪಡುವಣದ ಕಿಟಕಿಯ ಕೆಳಗೆ, ಯಾರ ಕಾಲಿಗೂ ಸಿಗದ ಜಾಗದಲ್ಲಿ ಇರಿಸಿದೆ.

ಮುಂದಿನ ವಾರಗಳಲ್ಲಿ ಪಾಠ ಓಡಿತು. ಖಂಡಗಳ ಸರಿತ, ಸಮುದ್ರದ ತಳ, ಅಲೆ, ಉಬ್ಬರವಿಳಿತ, ಪ್ರವಾಹ. ಲವಣಾಂಶದ ಪಾಠದ ದಿನ ನಾನು ಅದೇ ಟಬ್ಬಿನ ಪಕ್ಕ ನಿಂತು, ಕೆಂಪು ಸಮುದ್ರ ಯಾಕೆ ಅಷ್ಟು ಉಪ್ಪು ಎಂದು ವಿವರಿಸಿದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ; ಮಳೆ ಇಲ್ಲ, ನದಿ ಇಲ್ಲ, ಉಳಿದ ನೀರು ಇನ್ನಷ್ಟು ಉಪ್ಪಾಗುತ್ತಾ ಹೋಗುತ್ತದೆ. ಎಷ್ಟು ಚೆನ್ನಾಗಿ ಹೇಳಿದೆನೆಂದರೆ ನನಗೇ ನನ್ನ ಮೇಲೆ ಪ್ರೀತಿ ಬಂದಿತ್ತು.

ಆ ಹೊತ್ತಿಗೆ ಒಂದು ಪತ್ರ ಬಂತು. ಕರಾವಳಿಯ ಸಾಗರ ಸಂಶೋಧನಾ ಸಂಸ್ಥೆಯೊಂದು ಬೇಸಿಗೆಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಶಿಬಿರ ನಡೆಸುತ್ತದೆ. ಸಂಶೋಧನಾ ದೋಣಿಯಲ್ಲಿ ಕಡಲಿಗೆ ಕರೆದೊಯ್ಯುತ್ತಾರೆ, ಆಳದ ನೀರು ಎತ್ತುವುದನ್ನು, ತಳದ ಕೆಸರು ತೆಗೆಯುವುದನ್ನು ಕಲಿಸುತ್ತಾರೆ. ಒಂದು ಕಾಲೇಜಿಗೆ ಒಂದೇ ಜಾಗ. ನಮ್ಮಲ್ಲಿ ಹೆಸರು ಕೊಟ್ಟವರು ಇಬ್ಬರು, ಇಬ್ಬರೂ ಎರಡನೆಯ ವರ್ಷದ ಬಿಎಸ್ಸಿ.

ಒಬ್ಬಳು ಗೊಟ್ಟಿಗೆರೆಯ ಹುಡುಗಿ. ತಾತನ ಕಾಲಕ್ಕೆ ಕೆರೆಯ ಕೆಳಗೆ ರಾಗಿ ಬೆಳೆಯುತ್ತಿದ್ದ ಮನೆ. ಈಗ ಆ ಜಾಗದಲ್ಲಿ ಬಾಡಿಗೆಯ ಮಹಡಿಗಳು. ಮನೆಯಲ್ಲಿ ಯಾವುದಕ್ಕೂ ಕೊರತೆಯಿಲ್ಲ, ಒಬ್ಬಳೇ ಊರು ಬಿಟ್ಟು ಹೋಗುವುದೊಂದನ್ನು ಬಿಟ್ಟು. "ಕಾಲೇಜಿಂದ ಆರಿಸಿ ಕಳ್ಸಿದ್ರೆ ಹೋಗು, ನೀನಾಗೇ ಎಲ್ಲಿಗೂ ಹೋಗೋ ಹಂಗಿಲ್ಲ ಅಂದಿದ್ದಾರೆ ಮೇಡಂ ನಮ್ಮಪ್ಪ" ಎಂದಿದ್ದಳು. ಮುಂದೆ ಎಂಎಸ್ಸಿಗೆ ಮಂಗಳೂರಿನ ಕಡೆ ಓದುವ ಆಸೆ. ಈ ಸಲ ಒಮ್ಮೆ ಹೋಗಿಬಂದರೆ ಅಪ್ಪನಿಗೆ ಧೈರ್ಯ ಬರುತ್ತದೆ ಎಂಬ ಲೆಕ್ಕಾಚಾರ ಅವಳದು. ಮಾತು ಕಡಿಮೆ, ಕೈ ಬಹಳ ಚೊಕ್ಕ. ಅವಳು ಪಿಪೆಟ್ ಹಿಡಿಯುವುದನ್ನು ರಸಾಯನಶಾಸ್ತ್ರದವರೂ ಬಂದು ನೋಡುತ್ತಿದ್ದರು.

ಇನ್ನೊಬ್ಬ ಜೆ.ಪಿ. ನಗರದ ಹಿಂಬದಿಯ ಹುಡುಗ. ತಾಯಿ ಗಾರ್ಮೆಂಟ್ಸಿನಲ್ಲಿ ಹೊಲಿಗೆ, ತಂದೆ ಟೆಂಪೊ ಓಡಿಸುತ್ತಾರೆ. ಬೌದ್ಧರ ಮನೆ, ಹಿಂದಿನ ವರ್ಷ ಬುದ್ಧಪೂರ್ಣಿಮೆಯ ಮಾರನೆಯ ದಿನ ಇಡೀ ಕ್ಲಾಸಿಗೆ ಪಾಯಸ ಹೊತ್ತು ತಂದಿದ್ದ. ಚುರುಕು, ತಮಾಷೆಯವನು, ಎಲ್ಲದರಲ್ಲೂ ಸ್ವಲ್ಪ ಅವಸರ. ಅವರ ಮನೆಯಲ್ಲಿ ಸಮುದ್ರ ನೋಡಿದವರು ಯಾರೂ ಇರಲಿಲ್ಲ.

ಇಬ್ಬರಲ್ಲಿ ಯಾರನ್ನು ಕಳಿಸುವುದು? ಆಂತರಿಕ ಅಂಕಕ್ಕೆ ಹೇಗೂ ಒಂದು ಪ್ರಾಯೋಗಿಕ ಪರೀಕ್ಷೆ ಇತ್ತು. ಅದರಲ್ಲಿ ಯಾರ ಉತ್ತರ ಸರಿಗೆ ಹತ್ತಿರವೋ ಅವರ ಹೆಸರು ಎಂದು ನಾನೇ ನಿಯಮ ಮಾಡಿ, ಕ್ಲಾಸಿನಲ್ಲಿ ಹೇಳಿದೆ. ಪರೀಕ್ಷೆ ಯಾವುದೆಂದರೆ, ಟಬ್ಬಿನ ನೀರಿನ ಲವಣಾಂಶ ಕಂಡುಹಿಡಿಯುವುದು.

ಕೆಲಸ ಕಷ್ಟದ್ದಲ್ಲ, ತಾಳ್ಮೆಯದ್ದು. ಸಿಲ್ವರ್ ನೈಟ್ರೇಟ್ ತುಟ್ಟಿ, ಅದಕ್ಕೆ ಸಮುದ್ರದ ನೀರನ್ನು ಮೊದಲು ಹತ್ತು ಪಟ್ಟು ತೆಳು ಮಾಡಿಕೊಳ್ಳುತ್ತೇವೆ. ಅದರಲ್ಲಿ ಒಂದು ಪಿಪೆಟ್ಟಿನಷ್ಟು ಫ್ಲಾಸ್ಕಿಗೆ ಹಾಕಿ, ಹಳದಿಯ ಪೊಟ್ಯಾಸಿಯಂ ಕ್ರೋಮೇಟ್ ಎರಡು ಹನಿ ಬಿಟ್ಟು, ಮೇಲಿನ ಬ್ಯೂರೆಟ್ಟಿನಿಂದ, ಎಂದರೆ ಗೆರೆ ಹಾಕಿದ ಗಾಜಿನ ಕೊಳವೆಯಿಂದ, ಸಿಲ್ವರ್ ನೈಟ್ರೇಟನ್ನು ಹನಿಹನಿಯಾಗಿ ಇಳಿಸುತ್ತಾ ಫ್ಲಾಸ್ಕನ್ನು ತಿರುಗಿಸುತ್ತಿರಬೇಕು. ಮೊಸರಿನಂತೆ ಬೆಳ್ಳಗೆ ಒಡೆಯುತ್ತದೆ. ಉಪ್ಪಿನ ಕ್ಲೋರೈಡ್ ಮುಗಿದ ಕ್ಷಣ ಒಂದು ಹನಿಗೆ ಇಟ್ಟಿಗೆಯ ಕೆಂಪು ಬಂದು, ತಿರುಗಿಸಿದರೂ ಹೋಗದೆ ನಿಲ್ಲುತ್ತದೆ. ಅದೇ ಎಂಡ್ ಪಾಯಿಂಟ್; ಅಲ್ಲಿ ನಿಲ್ಲಿಸಿ ಬ್ಯೂರೆಟ್ಟಿನ ಗೆರೆ ಓದಬೇಕು. ನಮ್ಮ ದ್ರಾವಣದ ಹದಕ್ಕೆ ಹತ್ತೊಂಬತ್ತೂವರೆ ಮಿಲಿಲೀಟರಿನ ಹತ್ತಿರ ಬಂದರೆ ಲೆಕ್ಕದಲ್ಲಿ ಲವಣಾಂಶ ಮೂವತ್ತೈದು.

ಇದನ್ನು ಅಡುಗೆ ಉಪ್ಪಿನ ನೀರಿನಲ್ಲಿ ಅಭ್ಯಾಸ ಮಾಡಿಸುವಾಗ ನಾನು ಒಂದು ಮಾತು ಹೇಳಿದ್ದೆ. ಎಲ್ಲ ಲ್ಯಾಬುಗಳಲ್ಲೂ ಎಲ್ಲ ಮೇಷ್ಟರುಗಳೂ ಹೇಳುವ ಮಾತೇ ಅದು: "ಸಮುದ್ರ ಅಂದ್ರೆ ಮೂವತ್ತೈದು. ಅದರ ಆಚೆ ಈಚೆ ಬರಬೇಕು. ಬರಲಿಲ್ಲ ಅಂದ್ರೆ ನಿಮ್ಮ ಕೈ ಎಲ್ಲೋ ಎಡವಿದೆ ಅಂತ ಅರ್ಥ." ನಾನು ಓದುವಾಗ ನನ್ನ ಮೇಷ್ಟರೂ ನನಗೆ ಹೀಗೇ ಹೇಳಿದ್ದರು. ಬರಬೇಕಾದ ಉತ್ತರ ಗೊತ್ತಿದ್ದರೆ, ಬರದ ಉತ್ತರವನ್ನು ಬರಿಸಿಕೊಳ್ಳುವ ವಿದ್ಯೆ ಯಾವ ವಿದ್ಯಾರ್ಥಿಗೂ ಕಲಿಸಬೇಕಾಗಿಲ್ಲ. ಅದು ನನಗೂ ಗೊತ್ತಿತ್ತು.

ಪರೀಕ್ಷೆಯ ಶನಿವಾರ ಬಿಟಿಎಂನ ಕಾಲೇಜಿನಲ್ಲಿ ಮೇಲ್ವಿಚಾರಣೆ ಮುಗಿಸಿ ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಬೆಂದು ಬರುವಷ್ಟರಲ್ಲಿ ಮಕ್ಕಳು ಆಗಲೇ ಬ್ಯೂರೆಟ್ ತುಂಬಿ ನಿಂತಿದ್ದರು. ಪರೀಕ್ಷೆ ಶುರುವಾಗುವ ಮುನ್ನ ಮೇಷ್ಟರು ತಾವೇ ಒಮ್ಮೆ ಅಳೆದು ಇಟ್ಟುಕೊಳ್ಳಬೇಕು. ಅದು ರೂಢಿ. ನಾನು ಅಳೆಯಲಿಲ್ಲ. ಸಿಲ್ವರ್ ನೈಟ್ರೇಟ್ ಉಳಿಯಲಿ ಅಂದುಕೊಂಡೆ. ಮೊದಲ ದಿನವೇ ಅಳೆದಾಗಿದೆಯಲ್ಲ, ಸಮುದ್ರವೇನು ಬದಲಾಗುತ್ತದೆಯೇ ಅಂದುಕೊಂಡೆ.

ಹಾಳೆಗಳು ಬಂದವು. ಮೂವತ್ತೈದು, ಮೂವತ್ತನಾಲ್ಕು ಮುಕ್ಕಾಲು, ಮೂವತ್ತೈದು ಕಾಲು. ಜೆ.ಪಿ. ನಗರದ ಹುಡುಗನದು ಮೂವತ್ತನಾಲ್ಕೂವರೆ, ನನ್ನ ಅಳತೆಗೆ ಎಲ್ಲರಿಗಿಂತ ಹತ್ತಿರ. ಕೊನೆಗೆ ಗೊಟ್ಟಿಗೆರೆಯ ಹುಡುಗಿ ಬಂದು ಹಾಳೆ ಕೊಟ್ಟಳು. ನಲವತ್ತೊಂದು.

ನನ್ನ ಬಾಯಿ ಸುಮ್ಮನಿರುವ ಜಾತಿಯದ್ದಲ್ಲ. "ಏನಮ್ಮಾ ತಾಯಿ, ನಾನು ಉಡುಪಿಯಿಂದ ತರಿಸಿದ್ರೆ ನೀನು ಕೆಂಪು ಸಮುದ್ರಕ್ಕೆ ಹೋಗಿಬಂದ್ಯಲ್ಲ!" ಎಂದೆ. ಇಡೀ ಲ್ಯಾಬ್ ನಕ್ಕಿತು. ಅವಳೂ ನಗಲು ನೋಡಿದಳು.

"ಎರಡು ಸಲ ಮಾಡ್ದೆ ಮೇಡಂ. ಎರಡೂ ಸಲ ಅಷ್ಟೇ ಬಂತು. ಇನ್ನೊಂದು ಸಲ ಮಾಡ್ಲಾ?"

"ಸಿಲ್ವರ್ ನೈಟ್ರೇಟ್ ಏನು ನಲ್ಲೀಲಿ ಬರತ್ತಾ? ಕೆಂಪು ಬಂದ ಮೇಲೂ ಬಿಡ್ತಾ ಹೋಗಿದ್ದೀಯ ಅಷ್ಟೆ. ಹೋಗು."

ಸೋಮವಾರ ಹುಡುಗನ ಹೆಸರು ಸಂಸ್ಥೆಗೆ ಹೋಯಿತು. ಸಂಜೆಯೇ ಅವನ ತಾಯಿ ಫೋನ್ ಮಾಡಿದರು. "ಮೇಡಂ, ನಮ್ಮನೇಲಿ ಯಾರೂ ಸಮುದ್ರ ನೋಡ್ದೋರಲ್ಲ. ಇವ್ನು ಮೊದಲ್ನೇವ್ನು. ನಿಮ್ಮಿಂದ ಆಯ್ತು" ಎಂದು ಅತ್ತೇಬಿಟ್ಟರು. ಒಳ್ಳೆಯ ಕೆಲಸ ಮಾಡಿದೆ ಎಂಬ ಹೆಮ್ಮೆಯಲ್ಲೇ ಊಟ ಮಾಡಿದೆ.

ಆ ವಾರವೇ ರಸಾಯನಶಾಸ್ತ್ರದವರು ಸಾಮಾನು ತಪಾಸಣೆ ಇದೆ, ನಿಮ್ಮ ಟಬ್ಬು ತೆಗೆಯಿರಿ ಎಂದರು. ಬಟ್ಟೆ ಎತ್ತಿ ನೋಡಿದೆ. ಟಬ್ಬಿನ ಒಳಮೈಯಲ್ಲಿ, ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲೆ, ಸುತ್ತಲೂ ಒಂದು ಬಿಳಿ ಗೆರೆ. ಬಕೆಟ್ಟಿನಲ್ಲಿ ಬೋರ್ ನೀರು ನಿಂತರೆ ಕಟ್ಟುವ ಕರೆಯಂಥದ್ದು. ಅದರ ಕೆಳಗೆ ಇನ್ನೊಂದು, ಮತ್ತೊಂದು. ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟೆ. ಉಪ್ಪು.

ಕಿಟಕಿಯಿಂದ ಬಿಸಿಲು ನೇರವಾಗಿ ಟಬ್ಬಿನ ಮೇಲೆ ಬೀಳುತ್ತಿತ್ತು. ಮಾರ್ಚಿ ತಿಂಗಳ ಬಿಸಿಲು, ಅಗಲ ಬಾಯಿಯ ಟಬ್ಬು, ಗಾಳಿಯಾಡುವ ಬಟ್ಟೆ. ನೀರು ಹೋಗಿತ್ತು, ಉಪ್ಪು ಹೋಗಿರಲಿಲ್ಲ. ಕೆಂಪು ಸಮುದ್ರದ ಪಾಠ ಮಾಡುತ್ತಾ ನಾನು ನಿಂತಿದ್ದುದು ಅದೇ ಟಬ್ಬಿನ ಪಕ್ಕದಲ್ಲಿ.

ಉಳಿದಿದ್ದ ಸಿಲ್ವರ್ ನೈಟ್ರೇಟ್ ತೆಗೆದು, ಅಲ್ಲೇ ನಿಂತು ಅಳೆದೆ. ಮಟ್ಟ ಹತ್ತೊಂಬತ್ತೂವರೆಯ ಗೆರೆ ದಾಟಿತು, ಫ್ಲಾಸ್ಕ್ ಬಿಳಿಯಾಗಿಯೇ ಇತ್ತು. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ಇಪ್ಪತ್ತಮೂರರ ಹತ್ತಿರ ಕೆಂಪು ನಿಂತಿತು. ಲೆಕ್ಕ ಹಾಕಿದರೆ ನಲವತ್ತೊಂದೂವರೆ. ಪರೀಕ್ಷೆಯ ದಿನ ಅವಳಿಗೆ ಬಂದದ್ದಕ್ಕೂ ಇದಕ್ಕೂ ಇದ್ದ ವ್ಯತ್ಯಾಸ, ನಡುವಿನ ಮೂರು ನಾಲ್ಕು ದಿನ ಒಣಗಿದ್ದಕ್ಕೆ ಸರಿಹೋಗುತ್ತಿತ್ತು.

ಅಂದು ಆ ಲ್ಯಾಬಿನಲ್ಲಿ ಎಲ್ಲರ ಬ್ಯೂರೆಟ್ಟುಗಳೂ ಒಂದೇ ಉತ್ತರ ತೋರಿಸಿದ್ದಿರಬೇಕು. ಅದನ್ನು ಬರೆದವಳು ಒಬ್ಬಳು. ಅವಳನ್ನು ನಾನು ಎಲ್ಲರೆದುರು ನಗೆಪಾಟಲು ಮಾಡಿದ್ದೆ. ಆದರೆ ಹುಡುಗನ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ಮುಖವಿರಲಿಲ್ಲ. ಅವನು ಬರೆದದ್ದು ನಾನು ಹೇಳಿಕೊಟ್ಟ ಉತ್ತರವನ್ನೇ.

ವಿಭಾಗದ ಮುಖ್ಯಸ್ಥರ ಬಳಿ ಹೋಗಿ ಎಲ್ಲ ಹೇಳಿದೆ. ನಿವೃತ್ತಿಯ ಅಂಚಿನಲ್ಲಿದ್ದ ಶಾಂತ ಮನುಷ್ಯ. ಕನ್ನಡಕ ತೆಗೆದು ಒರೆಸಿಕೊಂಡು, "ಹೆಸರು ಹೋಗಿದೆ, ಬಿಡಿ ಮೇಡಂ. ಇನ್ನೊಂದು ವರ್ಷ ಕಳ್ಸಿದ್ರಾಯ್ತು" ಎಂದರು.

"ಅವಳಿಗೆ ಇನ್ನೊಂದು ವರ್ಷ ಸಿಗಲ್ಲ ಸಾರ್. ಮೂರನೇ ವರ್ಷದೋರನ್ನ ಅವರು ತಗೊಳಲ್ಲ. ಮನೆಯೋರೂ ಬಿಡಲ್ಲ."

"ಹಂಗಂತ ಆ ಹುಡುಗನ್ನ ಬಿಡಿಸ್ತೀರಾ? ಮೂವತ್ತೈದು ಅಂತ ಹೇಳ್ಕೊಟ್ಟೋರು ನೀವು. ಈಗ ನಲವತ್ತೊಂದೇ ಸರಿ ಅಂದ್ರೆ ಅವರಮ್ಮ ನಾಳೆ ಪ್ರಿನ್ಸಿಪಾಲರ ಬಾಗಿಲಲ್ಲಿ ಕೂರ್ತಾರೆ. ಅವರು ಕೂರೋದು ತಪ್ಪೂ ಅಲ್ಲ."

ಅದು ನಿಜವಾಗಿತ್ತು. ಹುಡುಗನ ತಾಯಿಯ ಅಳು ಇನ್ನೂ ನನ್ನ ಕಿವಿಯಲ್ಲೇ ಇತ್ತು. ಸಂಸ್ಥೆಗೆ ಫೋನ್ ಮಾಡಿ ವಿಚಾರಿಸಿದೆ. ಮುಂದಿನ ವಾರದೊಳಗೆ ಕಾಲೇಜಿನ ಪತ್ರ ಬಂದರೆ ಹೆಸರು ಬದಲಿಸಬಹುದು ಎಂದರು. ಇನ್ನೊಂದು ಜಾಗ ಕೊಡಿ ಎಂದು ಗೋಗರೆದೆ. ದೋಣಿಯಲ್ಲಿ ಜಾಗವಿಲ್ಲ ಎಂದರು.

ರಾತ್ರಿಯೆಲ್ಲ ತಲೆಯೊಳಗೆ ಅದೇ ಓಡಿತು. ಬೆಳಗ್ಗೆ ಹೋಗಿ ಮುಖ್ಯಸ್ಥರಿಗೆ ಹೇಳಿದೆ: ಇಬ್ಬರಿಗೂ ಮರುಪರೀಕ್ಷೆ ಮಾಡೋಣ. ಅದೇ ನೀರು. ಈ ಸಲ ನಾನು ಮೊದಲೇ ಅಳೆದಿಡುತ್ತೇನೆ. ಅವರು ಒಪ್ಪಿದರು, ಎರಡು ಮಾತಿನ ಮೇಲೆ. "ಹಾಳೇಲಿ ಬರ್ದಿದ್ದೇ ಲೆಕ್ಕ, ಆಮೇಲೆ ನೀವು ಬಂದು ಅದು ಇದು ಅನ್ನೋ ಹಂಗಿಲ್ಲ. ಇನ್ನೊಂದು, ಇಬ್ಬರಲ್ಲಿ ಯಾರಿಗೂ ಮೊದಲೇ ಒಂದು ಸುಳಿವೂ ಕೊಡಬಾರದು. ಟಬ್ಬಿನ ವಿಷಯ ಬಾಯಿಬಿಟ್ರೆ ಅದು ಪರೀಕ್ಷೆ ಆಗಲ್ಲ." ನಾನು ತಲೆಯಾಡಿಸಿದೆ. ನ್ಯಾಯವಾದ ಮಾತೇ ಅನ್ನಿಸಿತು. ಒಮ್ಮೆ ಅಸಡ್ಡೆ ಮಾಡಿ ಕೆಟ್ಟಿದ್ದೆನಲ್ಲ, ಈ ಸಲ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ನಡೆಸಬೇಕು ಎಂಬ ಹಟ ಹಿಡಿಯಿತು.

ಇಬ್ಬರನ್ನೂ ಕರೆದು, ಹೋದ ಪರೀಕ್ಷೆಯ ಬಗ್ಗೆ ಒಂದು ಅನುಮಾನ ಬಂದಿದೆ, ಶನಿವಾರ ಮತ್ತೆ ಮಾಡುತ್ತೇವೆ ಎಂದಷ್ಟೇ ಹೇಳಿದೆ. ಹುಡುಗನ ಮುಖ ಬಿಳುಚಿತು. ಹುಡುಗಿಯ ಮುಖ ಅರಳಿತು. ನಾನು ಟಬ್ಬಿನ ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ನೆರಳಿಗೆ ಸರಿಸಿ, ಹೊಸ ಸಿಲ್ವರ್ ನೈಟ್ರೇಟ್ ತರಿಸಿ, ಅದರ ಹದವನ್ನು ಎರಡು ಸಲ ಪರೀಕ್ಷಿಸಿಟ್ಟೆ.

ಶುಕ್ರವಾರ ಸಂಜೆ ಜಯನಗರದ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಅವಳು ಬಂದಳು. ಅವಳ ಬಸ್ಸು ಅಲ್ಲಿಂದಲ್ಲ, ನನಗಾಗಿಯೇ ಬಂದಿದ್ದಳು.

"ಮೇಡಂ, ಥ್ಯಾಂಕ್ಸ್. ಇನ್ನೊಂದು ಚಾನ್ಸ್ ಕೊಡ್ತಿದ್ದೀರ."

"ಚೆನ್ನಾಗಿ ಮಾಡು."

"ನಾನು ಹೋದ್ಸಲ ಎಲ್ಲಿ ತಪ್ಪಿದೆ ಮೇಡಂ? ದಿನಾ ಯೋಚನೆ ಮಾಡ್ತಿದ್ದೀನಿ. ಎಂಡ್ ಪಾಯಿಂಟ್ ದಾಟಿಸ್ಬಿಟ್ಟೆ ಅನ್ಕೊಂಡ್ರೂ ಅಷ್ಟೊಂದು ದಾಟಲ್ಲ. ಬ್ಯೂರೆಟ್ ತೊಳ್ದಿದ್ದು ಸರಿ ಇರ್ಲಿಲ್ವಾ? ನನ್ನ ಕಣ್ಣೇ ಸರಿ ಇಲ್ವೇನೋ ಅಂತ ಅಮ್ಮನ್ನ ಕರ್ಕೊಂಡು ಕಣ್ಣಿನ ಡಾಕ್ಟರ್ ಹತ್ರನೂ ಹೋಗಿದ್ದೆ. ಅವರು ಎಲ್ಲ ಚೆನ್ನಾಗಿದೆ ಅಂದ್ರು."

ಅವಳು ಇದನ್ನು ದೂರಿನಂತೆ ಹೇಳಲಿಲ್ಲ. ನನ್ನಿಂದ ಏನಾದರೂ ಕಲಿಯಲು ಸಿಗಬಹುದು ಎಂಬ ಮುಖ. ನೀನು ಎಲ್ಲೂ ತಪ್ಪಲಿಲ್ಲ ಕಣೇ, ತಪ್ಪಿದವಳು ನಾನು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಸುಳಿವು ಕೊಡಬಾರದು ಎಂದು ಒಪ್ಪಿದ್ದೆ. ಇವಳಿಗೆ ಹೇಳಿದರೆ ಆ ಹುಡುಗನಿಗೆ ಮೋಸ. ಇನ್ನೊಂದು ದಿನ ತಾನೇ, ಪರೀಕ್ಷೆ ಮುಗಿದ ಮೇಲೆ ಕೂರಿಸಿಕೊಂಡು ಎಲ್ಲ ಹೇಳಿ, ಎಲ್ಲರೆದುರು ಕ್ಷಮೆ ಕೇಳಿದರಾಯಿತು. ಹೀಗೆಲ್ಲ ಲೆಕ್ಕ ಹಾಕಿ, "ಹಳೇದೆಲ್ಲ ತಲೆಗೆ ಹಚ್ಕೋಬೇಡ, ನಾಳೆ ಹುಷಾರಾಗಿ ಮಾಡು, ಅಷ್ಟೆ" ಎಂದುಬಿಟ್ಟೆ. ಕುಮಾರಸ್ವಾಮಿ ಲೇಔಟಿನ ಬಸ್ಸು ಬಂತು. ಬೇಕೆಂದೇ ಬೇಗ ಹತ್ತಿದೆ.

ಶನಿವಾರ ಬೆಳಗ್ಗೆ ನಾನು ಅಳೆದಾಗ ನಲವತ್ತೊಂದೂವರೆ. ಅದನ್ನು ಬರೆದು, ಮಡಚಿ, ಮುಖ್ಯಸ್ಥರ ಕೈಗೆ ಕೊಟ್ಟೆ. ಮಧ್ಯಾಹ್ನ ಅವರೇ ಬಂದು ಲ್ಯಾಬಿನ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕುಳಿತರು. ಇಬ್ಬರೂ ಎದುರುಬದುರು ಮೇಜಿನಲ್ಲಿ ನಿಂತರು.

ಹುಡುಗ ಅವತ್ತು ಒಂದೂ ತಮಾಷೆ ಮಾಡಲಿಲ್ಲ. ಒಮ್ಮೆ ಮುಗಿಸಿ, ಗೆರೆ ನೋಡಿ, ಹುಬ್ಬು ಗಂಟು ಹಾಕಿ, ಎಲ್ಲ ಚೆಲ್ಲಿ ಮತ್ತೆ ಮಾಡಿದ. ಇನ್ನೊಮ್ಮೆ ಮಾಡಿದ. ಆಮೇಲೆ ಏನೋ ನಿರ್ಧಾರ ಮಾಡಿದವನಂತೆ ತುಟಿ ಬಿಗಿದು ಬರೆಯತೊಡಗಿದ.

ಹುಡುಗಿಯದು ನೋಡುವ ಹಾಗಿತ್ತು. ಎಡಗೈಯ ಬೆರಳುಗಳಲ್ಲಿ ಬ್ಯೂರೆಟ್ಟಿನ ತಿರುಪು, ಬಲಗೈಯಲ್ಲಿ ಫ್ಲಾಸ್ಕು, ಒಂದೇ ಲಯದ ತಿರುಗಾಟ. ಕೊನೆಯಲ್ಲಿ ಅರ್ಧ ಹನಿಯನ್ನು ಮೂತಿಯಲ್ಲೇ ಹಿಡಿದು ಫ್ಲಾಸ್ಕಿನ ಒಳಗೋಡೆಗೆ ಮುಟ್ಟಿಸಿ ಇಳಿಸಿದಳು. ಕೆಂಪು ನಿಂತಿತು. ಬಗ್ಗಿ ಗೆರೆ ಓದಿದಳು. ಅಲ್ಲೇ ಬಗ್ಗಿಕೊಂಡು ಬಹಳ ಹೊತ್ತು ಇದ್ದಳು. ಎದ್ದು ಒಮ್ಮೆ ನನ್ನ ಕಡೆ ನೋಡಿದಳು. ನಾನು ಮುಖದಲ್ಲಿ ಏನೂ ಕಾಣಿಸಬಾರದೆಂದು ಕಿಟಕಿಯ ಕಡೆ ತಿರುಗಿದೆ. ತಿರುಗಿ ನೋಡುವಷ್ಟರಲ್ಲಿ ಅವಳು ಬರೆದು ಮುಗಿಸಿದ್ದಳು.

ಮುಖ್ಯಸ್ಥರು ಹಾಳೆಗಳನ್ನು ಬಿಡಿಸಿ ನೋಡಿ ನನ್ನ ಕಡೆ ಹಿಡಿದರು. ಹುಡುಗನದು ನಲವತ್ತೊಂದು ಮುಕ್ಕಾಲು. ಹುಡುಗಿಯದು ಮೂವತ್ತೈದು.

ನನಗೆ ಅರ್ಥವಾಗಲಿಲ್ಲ. ಅವಳ ಮೇಜಿಗೆ ಹೋಗಿ ಬ್ಯೂರೆಟ್ ನೋಡಿದೆ. ಅವಳು ಅದನ್ನಿನ್ನೂ ಖಾಲಿ ಮಾಡಿರಲಿಲ್ಲ. ಮಟ್ಟ ಇಪ್ಪತ್ತಮೂರರಲ್ಲಿ ನಿಂತಿತ್ತು, ನನ್ನದಕ್ಕೆ ಕರಾರುವಾಕ್ಕಾಗಿ ಸಮ. ಹಾಳೆಯಲ್ಲಿ ಮಾತ್ರ ಅಂದವಾದ ಅಕ್ಷರದಲ್ಲಿ ಹತ್ತೊಂಬತ್ತೂವರೆ.

"ಸಾರ್, ಒಂದ್ನಿಮಿಷ ಇಲ್ಲಿ ನೋಡಿ" ಎಂದೆ.

ಅವರು ಏಳಲಿಲ್ಲ. ನಾನು ಏನು ತೋರಿಸಲು ಹೊರಟಿದ್ದೇನೆಂದು ಅವರಿಗೆ ಗೊತ್ತಾಗಿತ್ತು. "ಬರ್ದಿದ್ದೇ ಲೆಕ್ಕ ಅಂತ ಮಾತಾಗಿತ್ತಲ್ಲ ಮೇಡಂ" ಎಂದು ಮೆಲ್ಲಗೆ ಹೇಳಿದರು. "ಈಗ ಅವಳ ಬ್ಯೂರೆಟ್ ನೋಡ್ತೀನಿ ಅಂದ್ರೆ ಹೋದ್ಸಲ ಇವನ ಬ್ಯೂರೆಟ್ಟೂ ನೋಡ್ಬೇಕಿತ್ತು. ಹೋದ ಹೆಸರೇ ಇರ್ಲಿ." ಹಾಳೆಗಳನ್ನು ಮಡಚಿಕೊಂಡು ಹೋದರು. ಅವರ ಮೇಲೆ ಸಿಟ್ಟು ಬಂತು, ಆದರೆ ಅವರು ಹೇಳಿದ್ದರಲ್ಲಿ ತೆಗೆದುಹಾಕುವಂಥದ್ದು ಏನೂ ಇರಲಿಲ್ಲ.

ಹುಡುಗ ಹತ್ತಿರ ಬಂದು ನಿಂತ. "ಮೇಡಂ, ಸಾರಿ. ಹೋದ್ಸಲ ನಂಗೂ ಜಾಸ್ತಿನೇ ಬಂದಿತ್ತು. ತಪ್ಪಾಗಿದೆ ಅನ್ಕೊಂಡು ಮೂವತ್ನಾಲ್ಕೂವರೆ ಅಂತ ಹಾಕ್ಬಿಟ್ಟೆ. ಮತ್ತೆ ಟೆಸ್ಟ್ ಅಂದಾಗ ನಿಮಗೆ ಗೊತ್ತಾಗೋಗಿದೆ ಅಂತ ಭಯ ಆಯ್ತು. ಏನಾದ್ರಾಗ್ಲಿ ಅಂತ ಈ ಸಲ ಬಂದಿದ್ದೇ ಬರ್ದೆ." ಹಾಗೆ ಹೇಳುವಾಗ ಅವನ ಕಣ್ಣಿನಲ್ಲಿ ನೀರಿತ್ತು. "ಒಳ್ಳೇದ್ ಮಾಡ್ದೆ. ಹೋಗಿ ಅಮ್ಮನಿಗೆ ಹೇಳು" ಎಂದೆ. ಅವನ ಬಗ್ಗೆ ನನಗೆ ನಿಜವಾಗಿ ಸಂತೋಷವಾಯಿತು. ಆ ಸಂತೋಷ ಬಂದದ್ದಕ್ಕೂ ನಾಚಿಕೆಯಾಯಿತು.

ಹುಡುಗಿ ಸಿಂಕಿನ ಹತ್ತಿರ ಬ್ಯೂರೆಟ್ ತೊಳೆಯುತ್ತಿದ್ದಳು. ಪಕ್ಕದಲ್ಲಿ ಹೋಗಿ ನಿಂತು ಎಲ್ಲ ಹೇಳಿದೆ. ಟಬ್ಬಿನ ಕರೆ, ಕಿಟಕಿಯ ಬಿಸಿಲು, ನಾನು ಅಳೆಯದೆ ಬಿಟ್ಟದ್ದು, ಮೊದಲ ಸಲ ಇಡೀ ಕ್ಲಾಸಿನಲ್ಲಿ ಸರಿಯಾಗಿ ಬರೆದವಳು ಅವಳೊಬ್ಬಳೇ ಆಗಿದ್ದುದು. ನನ್ನದು ದೊಡ್ಡ ತಪ್ಪು, ಕ್ಷಮಿಸು ಎಂದೆ. ಸೋಮವಾರ ಎಲ್ಲರೆದುರು ಹೇಳುತ್ತೇನೆ ಎಂದೆ. ಅವಳು ನಲ್ಲಿ ನಿಲ್ಲಿಸಿ ಕೇಳಿಸಿಕೊಂಡಳು.

"ಈ ಸಲ ಯಾಕೆ ಹಾಗೆ ಬರೆದೆ?" ಎಂದು ಕೊನೆಗೆ ಕೇಳಿದೆ. ಉತ್ತರ ಗೊತ್ತಿದ್ದೂ ಕೇಳಿದೆ.

"ಮತ್ತೆ ಅಷ್ಟೇ ಬಂತಲ್ಲ ಮೇಡಂ. ನನ್ನ ಕೈಯಿಂದ ಇದು ಆಗಲ್ಲ ಅನ್ನಿಸ್ತು. ನೀವು ಇನ್ನೊಂದು ಚಾನ್ಸ್ ಕೊಟ್ಟಿದ್ದೀರ, ಈ ಸಲನಾದ್ರೂ ನಿಮಗೆ ಬೇಕಾದ್ದು ಕೊಡೋಣ ಅಂತ."

ಅವಳು ಬ್ಯೂರೆಟ್ಟನ್ನು ಸ್ಟ್ಯಾಂಡಿಗೆ ತಲೆಕೆಳಗಾಗಿ ಸಿಕ್ಕಿಸಿ, ಕೈ ಒರೆಸಿಕೊಂಡಳು. ಆಮೇಲೆ ಏನೋ ಹೊಳೆದಂತೆ ನನ್ನ ಕಡೆ ತಿರುಗಿದಳು.

"ನಿನ್ನೆ ಬಸ್ ಸ್ಟಾಪಲ್ಲಿ ಕೇಳ್ದಾಗ್ಲೇ ನಿಮಗೆ ಇದೆಲ್ಲ ಗೊತ್ತಿತ್ತಾ ಮೇಡಂ?"

ಗೊತ್ತಿತ್ತು ಎಂದೆ.

ಅವಳು ಮೇಜಿನ ಮೇಲೆ ಚೆಲ್ಲಿದ್ದ ನೀರನ್ನು ಬಟ್ಟೆಯಿಂದ ಒರೆಸಿ, ಸ್ಟೂಲನ್ನು ಒಳಗೆ ತಳ್ಳಿ, ಬ್ಯಾಗು ಹೆಗಲಿಗೆ ಹಾಕಿಕೊಂಡು, ದಿನವೂ ಹೇಳುವ ಹಾಗೆಯೇ "ಬರ್ತೀನಿ ಮೇಡಂ" ಎಂದು ಹೇಳಿ ಹೋದಳು.